ಒಂದೇ ಚಂದಾ, ಎರಡು ಲೀಗು: ಎನ್‌ಬಿಎ ಋತುವಿನ ಪೂರ್ವ–ಪಶ್ಚಿಮ ವಿಂಗಡಣೆಯ ವಿಮರ್ಶೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯಾದ ಎನ್‌ಬಿಎ ತನ್ನ ಪಂದ್ಯಗಳನ್ನು ಲೀಗ್ ಪಾಸ್ ಎಂಬ ಚಂದಾ ಸೇವೆಯ ಮೂಲಕ ಭಾರತದಲ್ಲಿಯೂ ಮಾರುತ್ತದೆ. ನೇರಪ್ರಸಾರ, ಮುಗಿದ ಪಂದ್ಯಗಳ ಪೂರ್ಣ ಮರುಪ್ರಸಾರ, ಬಿಡುವಿಲ್ಲದವರಿಗಾಗಿ ಕಿರಿದುಗೊಳಿಸಿದ ಆವೃತ್ತಿ, ಎರಡು ತಂಡಗಳ ಪೈಕಿ ಯಾವ ಕಡೆಯ ವೀಕ್ಷಕ ವಿವರಣೆ ಬೇಕೆಂಬ ಆಯ್ಕೆ, ಇವೆಲ್ಲ ಅದರಲ್ಲಿವೆ. ಇಂಥ ಸವಲತ್ತುಗಳನ್ನು ಅಳೆಯುವ ಬರಹಗಳು ಸಾಕಷ್ಟು ಸಿಗುತ್ತವೆಯಾದ್ದರಿಂದ, ಆ ಚಂದಾದ ಮೂಲಕ ನಮಗೆ ತಲುಪುವ ಸರಕನ್ನೇ, ಅಂದರೆ ಪೂರ್ವ ಮತ್ತು ಪಶ್ಚಿಮವೆಂಬ ಎರಡು ಕಾನ್ಫರೆನ್ಸ್‌ಗಳಾಗಿ ಹೋಳಾದ ಒಂದಿಡೀ ಋತುವನ್ನೇ, ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದ್ದೇನೆ. ಎರಡೂ ಹೋಳುಗಳಿಗೆ ನಾವು ಕೊಡುವ ಬೆಲೆ ಒಂದೇ. ಅವುಗಳ ತೂಕ ಒಂದೇ ಆಗಿದೆಯೇ ಎಂಬುದು ಪ್ರಶ್ನೆ.

ಎನ್‌ಬಿಎಯ 30 ತಂಡಗಳಲ್ಲಿ 15 ಪೂರ್ವಕ್ಕೂ 15 ಪಶ್ಚಿಮಕ್ಕೂ ಸೇರಿವೆ. ಕಾನ್ಫರೆನ್ಸ್ ಎಂಬ ಹೆಸರಿನಲ್ಲಿ ಈ ವಿಂಗಡಣೆ 1970-71ರ ಋತುವಿನಿಂದ ನಡೆದುಬಂದಿದೆ. 2004ರಲ್ಲಿ ಶಾರ್ಲೆಟ್ ನಗರಕ್ಕೆ ಹೊಸ ತಂಡ ಬಂದಾಗ ನ್ಯೂ ಆರ್ಲಿಯನ್ಸ್ ತಂಡವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿಸಿ ಲೆಕ್ಕ ಸರಿಮಾಡಲಾಯಿತು. ಪ್ರತಿ ತಂಡವೂ ಆಡುವ 82 ಪಂದ್ಯಗಳಲ್ಲಿ 52 ತನ್ನದೇ ಕಾನ್ಫರೆನ್ಸ್‌ನ ತಂಡಗಳ ವಿರುದ್ಧ. ಉಳಿದ 30 ಪಂದ್ಯಗಳು ಆಚೆ ಬದಿಯ 15 ತಂಡಗಳೊಂದಿಗೆ, ತಲಾ ಎರಡರಂತೆ. ಪ್ಲೇಆಫ್ ಹಂತಕ್ಕೆ ಎರಡೂ ಕಡೆಯಿಂದ ತಲಾ ಎಂಟು ತಂಡಗಳು ಹೋಗುತ್ತವೆ, ಮತ್ತು ಒಂದು ಕಡೆಯ ತಂಡ ಇನ್ನೊಂದು ಕಡೆಯ ತಂಡವನ್ನು ಎದುರಿಸುವುದು ಕಟ್ಟಕಡೆಯ ಸರಣಿಯಾದ ಫೈನಲ್ಸ್‌ನಲ್ಲಿ ಮಾತ್ರ. ಐಪಿಎಲ್‌ನಲ್ಲಿ ಪಂದ್ಯಪಟ್ಟಿಯ ಅನುಕೂಲಕ್ಕಾಗಿ ತಂಡಗಳನ್ನು ಎರಡು ಗುಂಪು ಮಾಡಿದರೂ ಹತ್ತೂ ತಂಡಗಳಿಗೆ ಒಂದೇ ಅಂಕಪಟ್ಟಿ ಇರುವುದನ್ನು ನೋಡಿ ಅಭ್ಯಾಸವಾಗಿರುವ ನಮ್ಮವರಿಗೆ, ಎರಡು ಅಂಕಪಟ್ಟಿಗಳ ಈ ಏರ್ಪಾಡು ಮೊದಲಿಗೆ ವಿಚಿತ್ರವೆನಿಸುತ್ತದೆ. ಕೆಲವು ಋತುಗಳನ್ನು ನೋಡಿದ ಮೇಲೂ ಅದು ವಿಚಿತ್ರವಾಗಿಯೇ ಉಳಿಯುತ್ತದೆ.

ಏಕೆಂದರೆ ಎರಡು ಪಟ್ಟಿಗಳಲ್ಲಿ ಪ್ರತಿಭೆ ಸಮನಾಗಿ ಹಂಚಿಹೋಗಿರುವ ಕಾಲ ಬಹಳ ಅಪರೂಪ. 2007-08ರಲ್ಲಿ ಗೋಲ್ಡನ್ ಸ್ಟೇಟ್ ತಂಡ 48 ಪಂದ್ಯಗಳನ್ನು ಗೆದ್ದು 34ರಲ್ಲಿ ಸೋತು ಪಶ್ಚಿಮದಲ್ಲಿ ಒಂಬತ್ತನೆಯದಾಗಿ ಮನೆಗೆ ಹೋಯಿತು. ಅದೇ ವರ್ಷ ಪೂರ್ವದಲ್ಲಿ ಅಟ್ಲಾಂಟಾ 37 ಗೆದ್ದು 45 ಸೋತರೂ ಎಂಟನೆಯ ಸ್ಥಾನ ಪಡೆದು ಒಳಗೆ ಬಂತು. 2013-14ರಲ್ಲಿ ಇದೇ ಕಥೆ ಪಾತ್ರ ಬದಲಿಸಿ ಮರುಕಳಿಸಿತು: 48 ಗೆಲುವಿನ ಫೀನಿಕ್ಸ್ ಹೊರಗೆ, 38 ಗೆಲುವಿನ ಅಟ್ಲಾಂಟಾ ಒಳಗೆ. ಆ ಋತುವಿನಲ್ಲಿ ಎರಡು ಕಾನ್ಫರೆನ್ಸ್‌ಗಳ ನಡುವೆ ನಡೆದ 450 ಪಂದ್ಯಗಳಲ್ಲಿ ಪಶ್ಚಿಮದ ತಂಡಗಳು 284ನ್ನು ಗೆದ್ದವು. ಮೈಕಲ್ ಜೋರ್ಡನ್ ಶಿಕಾಗೊ ಬಿಟ್ಟ ಮರುವರ್ಷವಾದ 1999ರಿಂದ 2025ರವರೆಗಿನ 27 ಚಾಂಪಿಯನ್ ಪಟ್ಟಗಳಲ್ಲಿ 18 ಪಶ್ಚಿಮಕ್ಕೆ ಸಂದಿವೆ, 9 ಪೂರ್ವಕ್ಕೆ. ಹಾಗೆಂದು ಇದನ್ನು ಪಶ್ಚಿಮದ ಹುಟ್ಟುಗುಣವೆಂದು ಭಾವಿಸಬೇಕಾಗಿಲ್ಲ. ಜೋರ್ಡನ್ ಇದ್ದ 1990ರ ದಶಕದಲ್ಲಿ ಶಿಕಾಗೊ ಒಂದೇ ಆರು ಪಟ್ಟಗಳನ್ನು ಪೂರ್ವಕ್ಕೆ ತಂದಿತ್ತು.

ಈ ವಾಲಿಕೆಗೆ ಕಾರಣವೇನು? ಹವಾಮಾನ, ಲಾಸ್ ಏಂಜಲೀಸ್‌ನ ಆಕರ್ಷಣೆ, ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದಿರುವುದು ಎಂದು ಹಲವರು ಪಟ್ಟಿ ಮಾಡುತ್ತಾರೆ. ಫ್ಲಾರಿಡಾದಲ್ಲಿಯೂ ಆ ತೆರಿಗೆ ಇಲ್ಲ, ಅಲ್ಲಿ ಬಿಸಿಲಿಗೂ ಕೊರತೆಯಿಲ್ಲ, ಮತ್ತು ಅಲ್ಲಿನ ಎರಡು ತಂಡಗಳೂ ಪೂರ್ವದಲ್ಲಿವೆ. ಹಾಗಾಗಿ ಈ ವಿವರಣೆ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳುವುದು ಡ್ರಾಫ್ಟ್‌ನ ದಾಖಲೆ. ಪ್ರತಿ ವರ್ಷ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಆ ರಾತ್ರಿಯಲ್ಲಿ ಪೂರ್ವದ ತಂಡಗಳು ಕೈಗೆ ಬಂದದ್ದನ್ನು ಎಷ್ಟು ಬಾರಿ ಆಚೆಗೆ ದಾಟಿಸಿವೆಯೆಂದರೆ ನಂಬುವುದು ಕಷ್ಟ. 1996ರಲ್ಲಿ ಕೋಬಿ ಬ್ರಯಂಟ್‌ನನ್ನು 13ನೆಯವನಾಗಿ ಆರಿಸಿದ್ದು ಶಾರ್ಲೆಟ್. ವ್ಲಾಡೆ ಡಿವಾಚ್‌ಗೆ ಬದಲಾಗಿ ಅವನನ್ನು ಲಾಸ್ ಏಂಜಲೀಸ್‌ನ ಲೇಕರ್ಸ್‌ಗೆ ಕೊಟ್ಟಿತು. 1998ರಲ್ಲಿ ಡರ್ಕ್ ನೊವಿಟ್ಸ್ಕಿಯನ್ನು ಆರಿಸಿದ್ದು ಮಿಲ್ವಾಕಿ, ಅವನು ಆಡಿದ್ದು ಡಲ್ಲಾಸ್‌ಗೆ. 2011ರಲ್ಲಿ ಕವಾಯ್ ಲೆನರ್ಡ್‌ನನ್ನು ಆರಿಸಿದ ಇಂಡಿಯಾನಾ, ಜಾರ್ಜ್ ಹಿಲ್‌ಗಾಗಿ ಅವನನ್ನು ಸ್ಯಾನ್ ಆಂಟೋನಿಯೊಗೆ ಬಿಟ್ಟುಕೊಟ್ಟಿತು. 2018ರ ಒಂದೇ ರಾತ್ರಿಯಲ್ಲಿ ಅಟ್ಲಾಂಟಾ ಲೂಕಾ ಡೊಂಚಿಚ್‌ನನ್ನು ಡಲ್ಲಾಸ್‌ಗೂ, ಶಾರ್ಲೆಟ್ ಶೇ ಗಿಲ್ಜಸ್-ಅಲೆಕ್ಸಾಂಡರ್‌ನನ್ನು ಲಾಸ್ ಏಂಜಲೀಸ್‌ನ ಇನ್ನೊಂದು ತಂಡವಾದ ಕ್ಲಿಪ್ಪರ್ಸ್‌ಗೂ ಒಪ್ಪಿಸಿದವು. ಪಶ್ಚಿಮದ ತಂಡಗಳೂ ಇಂಥ ತಪ್ಪು ಮಾಡಿಲ್ಲವೆಂದಲ್ಲ. 1987ರಲ್ಲಿ ಸಿಯಾಟಲ್ ಆರಿಸಿದ ಸ್ಕಾಟಿ ಪಿಪ್ಪನ್ ಶಿಕಾಗೊದಲ್ಲಿ ಜೋರ್ಡನ್‌ನ ಬಲಗೈಯಾದ. ಆದರೆ ತಕ್ಕಡಿಯ ಎರಡು ತಟ್ಟೆಗಳಲ್ಲಿ ಈ ಹೆಸರುಗಳನ್ನಿಟ್ಟು ನೋಡಿದರೆ ಯಾವುದು ಕೆಳಗಿಳಿಯುತ್ತದೆಂದು ಹೇಳಬೇಕಾಗಿಲ್ಲ.

ಇನ್ನೊಂದು ಕಾರಣ ನಿಯಮದಲ್ಲಿಯೇ ಅಡಗಿದೆ, ಮತ್ತು ಅದನ್ನು ಎತ್ತಿ ಹೇಳುವವರು ಕಡಿಮೆ. ಪ್ಲೇಆಫ್‌ಗೆ ಹೋಗದ ತಂಡಗಳಿಗೆ ಡ್ರಾಫ್ಟ್‌ನ ಮೊದಲ 14 ಸರದಿಗಳು ಲಾಟರಿಯ ಮೂಲಕ ಮೀಸಲು. ದುರ್ಬಲರಿಗೆ ಆಸರೆಯಾಗಲೆಂದು ಮಾಡಿದ ಈ ಏರ್ಪಾಡು ಕಾನ್ಫರೆನ್ಸ್ ವಿಂಗಡಣೆಯ ಜೊತೆ ಸೇರಿದಾಗ ತಿರುವುಮುರುವಾಗುತ್ತದೆ. 2014ರ ಡ್ರಾಫ್ಟ್‌ನಲ್ಲಿ 48 ಪಂದ್ಯ ಗೆದ್ದ ಫೀನಿಕ್ಸ್‌ಗೆ 14ನೆಯ ಆಯ್ಕೆ ಸಿಕ್ಕಿತು. ಅದಕ್ಕಿಂತ ಹತ್ತು ಪಂದ್ಯ ಕಡಿಮೆ ಗೆದ್ದ ಅಟ್ಲಾಂಟಾಗೆ 15ನೆಯದು. ಬಲಿಷ್ಠ ಬದಿಯ ಒಂಬತ್ತನೆಯವನಿಗೆ ದುರ್ಬಲ ಬದಿಯ ಎಂಟನೆಯವನಿಗಿಂತ ಮುಂಚಿನ ಸರದಿ ದೊರೆತರೆ, ಇರುವ ಅಂತರ ಕಿರಿದಾಗುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಸರದಿಯ ವ್ಯತ್ಯಾಸ ದೊಡ್ಡದಲ್ಲ, ನಿಜ. ವರ್ಷವರ್ಷವೂ ಅದು ಒಂದೇ ದಿಕ್ಕಿಗೆ ವಾಲುವುದು ಸಣ್ಣ ಸಂಗತಿಯಲ್ಲ.

ಇದರ ಮೇಲೆ ಬರಿಯ ಅದೃಷ್ಟದ ಪಾಲೂ ಇದೆ. 1997ರಲ್ಲಿ ಟಿಮ್ ಡಂಕನ್‌ಗಾಗಿ ನಡೆದ ಲಾಟರಿಯಲ್ಲಿ ಎಲ್ಲರಿಗಿಂತ ಹೆಚ್ಚು ಅವಕಾಶವಿದ್ದದ್ದು ಕೇವಲ 15 ಪಂದ್ಯ ಗೆದ್ದಿದ್ದ ಬಾಸ್ಟನ್‌ಗೆ. ಚೀಟಿ ಎದ್ದದ್ದು ಸ್ಯಾನ್ ಆಂಟೋನಿಯೊ ಹೆಸರಿಗೆ. ಮುಂದಿನ ಐದು ಪಟ್ಟಗಳು ಆ ಒಂದು ಚೀಟಿಯಿಂದ ಹುಟ್ಟಿದವು. 2023ರಲ್ಲಿ ಫ್ರಾನ್ಸ್‌ನ ವಿಕ್ಟರ್ ವೆಂಬನ್ಯಾಮಾ ಅದೇ ಸ್ಯಾನ್ ಆಂಟೋನಿಯೊಗೆ ಒಲಿದ. 2025ರಲ್ಲಿ ಕೇವಲ ಶೇ 1.8ರಷ್ಟು ಸಾಧ್ಯತೆಯಿದ್ದ ಡಲ್ಲಾಸ್‌ಗೆ ಕೂಪರ್ ಫ್ಲ್ಯಾಗ್ ದಕ್ಕಿದ, ಅದೂ ಆ ತಂಡ ಡೊಂಚಿಚ್‌ನನ್ನು ಲೇಕರ್ಸ್‌ಗೆ ಕೊಟ್ಟು ತನ್ನ ಅಭಿಮಾನಿಗಳಿಂದ ಬೈಸಿಕೊಂಡ ಕೆಲವೇ ತಿಂಗಳುಗಳಲ್ಲಿ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಕಣದ ಮೇಲಿರುವವರು ಐವರು ಮಾತ್ರ. 48 ನಿಮಿಷಗಳ ಆಟದಲ್ಲಿ ತಾರಾ ಆಟಗಾರ 35 ನಿಮಿಷಕ್ಕೂ ಮೀರಿ ಆಡುವುದು ಸಾಮಾನ್ಯ. ಹನ್ನೊಂದು ಮಂದಿಯ ಕ್ರಿಕೆಟ್‌ನಲ್ಲಿ ಒಬ್ಬನಿಂದ ಸಾಧ್ಯವಾಗದ್ದು ಇಲ್ಲಿ ಸಾಧ್ಯವಾಗುವುದು ಇದೇ ಕಾರಣಕ್ಕೆ. ನಾಲ್ಕೈದು ಜನ ಊರು ಬದಲಿಸಿದರೆ ಒಂದು ಕಾನ್ಫರೆನ್ಸ್‌ನ ಮುಖವೇ ಬದಲಾಗುತ್ತದೆ. 2007ರ ಬೇಸಿಗೆಯಲ್ಲಿ ಕೆವಿನ್ ಗಾರ್ನೆಟ್ ಮಿನ್ನೆಸೋಟದಿಂದಲೂ ರೇ ಅಲೆನ್ ಸಿಯಾಟಲ್‌ನಿಂದಲೂ ಬಾಸ್ಟನ್‌ಗೆ ಬಂದರು, ಮರುವರ್ಷವೇ ಪಟ್ಟ ಪೂರ್ವಕ್ಕೆ ಬಂತು. 2010ರ ಬೇಸಿಗೆ ಇದಕ್ಕಿಂತ ಭಿನ್ನವಾದದ್ದು, ಮತ್ತು ಅದನ್ನು ಪೂರ್ವದ ಪುನರುತ್ಥಾನವೆಂದು ಕರೆಯುವವರು ಒಂದು ಸೂಕ್ಷ್ಮವನ್ನು ಮರೆಯುತ್ತಾರೆಂದು ನನಗನಿಸುತ್ತದೆ. ಲೆಬ್ರಾನ್ ಜೇಮ್ಸ್ ಮಯಾಮಿಗೆ ಬಂದದ್ದು ಕ್ಲೀವ್‌ಲ್ಯಾಂಡ್‌ನಿಂದ, ಕ್ರಿಸ್ ಬಾಷ್ ಬಂದದ್ದು ಟೊರಾಂಟೊದಿಂದ. ಮೂರೂ ಊರುಗಳು ಪೂರ್ವದವೇ. ಈ ಇಬ್ಬರ ವಲಸೆಯಿಂದ ಆ ಬದಿಯ ಒಟ್ಟು ಪ್ರತಿಭೆ ಎಳ್ಳಷ್ಟೂ ಹೆಚ್ಚಲಿಲ್ಲ, ಒಂದೆಡೆ ರಾಶಿಬಿತ್ತು, ಅಷ್ಟೇ. ಅಲ್ಲಿಂದ 2018ರವರೆಗೆ ಸತತ ಎಂಟು ವರ್ಷ ಜೇಮ್ಸ್ ಆಡಿದ ತಂಡವೇ, ಮೊದಲು ಮಯಾಮಿಯಾಗಿ, ಆಮೇಲೆ ಕ್ಲೀವ್‌ಲ್ಯಾಂಡ್ ಆಗಿ, ಪೂರ್ವವನ್ನು ಫೈನಲ್ಸ್‌ನಲ್ಲಿ ಪ್ರತಿನಿಧಿಸಿತು. ಒಬ್ಬನೇ ಆಟಗಾರನ ನೆರಳಿನಲ್ಲಿ ಉಳಿದ ಹದಿನಾಲ್ಕು ತಂಡಗಳ ಬಡತನ ಮರೆಯಾಗಿತ್ತು.

ಆ ಬಡತನ ಬಯಲಾದದ್ದು 2017 ಮತ್ತು 2018ರ ಬೇಸಿಗೆಗಳಲ್ಲಿ. ಜಿಮ್ಮಿ ಬಟ್ಲರ್ ಶಿಕಾಗೊದಿಂದ ಮಿನ್ನೆಸೋಟಕ್ಕೆ, ಪಾಲ್ ಜಾರ್ಜ್ ಇಂಡಿಯಾನಾದಿಂದ ಒಕ್ಲಹೋಮಾ ಸಿಟಿಗೆ, ಪಾಲ್ ಮಿಲ್‌ಸ್ಯಾಪ್ ಅಟ್ಲಾಂಟಾದಿಂದ ಡೆನ್ವರ್‌ಗೆ, ಕಾರ್ಮೆಲೊ ಆಂಥನಿ ನ್ಯೂಯಾರ್ಕ್‌ನಿಂದ ಒಕ್ಲಹೋಮಾಕ್ಕೆ ಸಾಲಾಗಿ ಹೊರಟರು. ಎದುರು ದಿಕ್ಕಿನಲ್ಲಿ ಬಂದ ದೊಡ್ಡ ಹೆಸರೆಂದರೆ ಯೂಟಾದಿಂದ ಬಾಸ್ಟನ್‌ಗೆ ಬಂದ ಗಾರ್ಡನ್ ಹೇವರ್ಡ್. ಮರುವರ್ಷ ಜೇಮ್ಸ್ ಕೂಡ ಲೇಕರ್ಸ್ ಸೇರಿದಾಗ ಪೂರ್ವದ ಕಥೆ ಮುಗಿಯಿತೆಂದೇ ಎಲ್ಲರೂ ಬರೆದರು. ಆದರೆ ಅದೇ ಬೇಸಿಗೆಯಲ್ಲಿ ಟೊರಾಂಟೊಗೆ ಬಂದ ಲೆನರ್ಡ್ 2019ರ ಪಟ್ಟವನ್ನು ಪೂರ್ವಕ್ಕೆ ಗೆದ್ದುಕೊಟ್ಟ, ಗೆದ್ದ ಮರುತಿಂಗಳೇ ಕ್ಲಿಪ್ಪರ್ಸ್ ಸೇರಿ ಪಶ್ಚಿಮಕ್ಕೆ ಮರಳಿದ. ಕೆವಿನ್ ಡ್ಯುರಾಂಟ್, ಜೇಮ್ಸ್ ಹಾರ್ಡನ್ ಮುಂತಾದವರು ಬ್ರೂಕ್ಲಿನ್‌ಗೆ ಬಂದು ಹೋದದ್ದೂ ಹಾಗೆಯೇ. ಇಬ್ಬರೂ 2023ರ ಕೊನೆಯ ಹೊತ್ತಿಗೆ ಪಶ್ಚಿಮದವರಾಗಿದ್ದರು. ಡೊನೊವನ್ ಮಿಚೆಲ್ 2022ರಲ್ಲಿ ಕ್ಲೀವ್‌ಲ್ಯಾಂಡ್‌ಗೂ, ಕಾರ್ಲ್-ಆಂಥನಿ ಟೌನ್ಸ್ 2024ರಲ್ಲಿ ನ್ಯೂಯಾರ್ಕ್‌ಗೂ ಬಂದು ಪೂರ್ವದಲ್ಲೇ ನೆಲೆನಿಂತದ್ದು ಆ ಬದಿಗೆ ಸಿಕ್ಕ ನಿಜವಾದ ಲಾಭ.

ಚಂದಾದಾರನಿಗೆ ಇದರಿಂದ ಆಗುವ ನಷ್ಟವೆಂದರೆ, ಋತುವಿನ ಅತ್ಯುತ್ತಮ ಸರಣಿ ತಪ್ಪು ಸಮಯಕ್ಕೆ ಬಂದುಬಿಡುತ್ತದೆ. 2002ರಲ್ಲಿ ಲೇಕರ್ಸ್ ಮತ್ತು ಸ್ಯಾಕ್ರಮೆಂಟೊ ಪಶ್ಚಿಮದ ಕೊನೆಯ ಸುತ್ತಿನಲ್ಲಿ ಏಳು ಪಂದ್ಯ ಕಾದಾಡಿದವು. ಅದರಲ್ಲಿ ಗೆದ್ದ ಲೇಕರ್ಸ್, ಫೈನಲ್ಸ್‌ನಲ್ಲಿ ನ್ಯೂಜೆರ್ಸಿಯನ್ನು 4-0 ಎಂದು ಒರಸಿಹಾಕಿತು. 2018ರಲ್ಲಿ 65 ಪಂದ್ಯ ಗೆದ್ದಿದ್ದ ಹ್ಯೂಸ್ಟನ್, ಗೋಲ್ಡನ್ ಸ್ಟೇಟ್ ವಿರುದ್ಧ 3-2ರ ಮುನ್ನಡೆಯಲ್ಲಿದ್ದು, ಏಳನೆಯ ಪಂದ್ಯದಲ್ಲಿ ಸತತ 27 ತ್ರೀ-ಪಾಯಿಂಟ್ ಎಸೆತಗಳನ್ನು ತಪ್ಪಿಸಿ ಸೋತಿತು. ಆ ವರ್ಷದ ಪಟ್ಟ ನಿರ್ಧಾರವಾದದ್ದು ಅಲ್ಲಿ. ಆಮೇಲೆ ಕ್ಲೀವ್‌ಲ್ಯಾಂಡ್ ಮೇಲಿನ 4-0 ಬರಿಯ ಶಾಸ್ತ್ರ. ಮೊದಲ ಸುತ್ತಿನ ದೋಷ ಇನ್ನೊಂದು ಬಗೆಯದು. 2025ರಲ್ಲಿ ಪೂರ್ವದ ಹತ್ತನೆಯ ಸ್ಥಾನದಲ್ಲಿದ್ದ ಮಯಾಮಿ, 37 ಗೆದ್ದು 45 ಸೋತ ದಾಖಲೆಯೊಂದಿಗೆ, ಏಳರಿಂದ ಹತ್ತನೆಯ ಸ್ಥಾನದವರು ಕೊನೆಯ ಎರಡು ಜಾಗಗಳಿಗಾಗಿ ಆಡುವ ಪ್ಲೇ-ಇನ್ ಸುತ್ತು ದಾಟಿ ಒಳಬಂತು. ಕ್ಲೀವ್‌ಲ್ಯಾಂಡ್ ಅದನ್ನು ನಾಲ್ಕು ಪಂದ್ಯಗಳಲ್ಲಿ ಒಟ್ಟು 122 ಅಂಕಗಳ ಅಂತರದಿಂದ ಸೋಲಿಸಿತು. ಪ್ಲೇಆಫ್ ಇತಿಹಾಸದಲ್ಲಿ ಇಷ್ಟು ಏಕಪಕ್ಷೀಯವಾದ ಸರಣಿ ಮತ್ತೊಂದಿಲ್ಲ. ಆದರೆ ಪಶ್ಚಿಮದ ಎಂಟನೆಯ ತಂಡ 48 ಪಂದ್ಯ ಗೆದ್ದ ಮೆಂಫಿಸ್ ಆಗಿದ್ದರೂ ಒಕ್ಲಹೋಮಾ ಅದನ್ನು ಮೊದಲ ಪಂದ್ಯದಲ್ಲೇ 51 ಅಂಕಗಳಿಂದ ಬಗ್ಗುಬಡಿದು ಸರಣಿಯನ್ನು 4-0 ಮಾಡಿತು ಎಂಬುದನ್ನೂ ಹೇಳದಿದ್ದರೆ ವಿಮರ್ಶೆ ಪಕ್ಷಪಾತವಾಗುತ್ತದೆ.

ಅದೇ 2025 ಈ ಇಡೀ ವಾದಕ್ಕೆ ಒಂದು ಕೊಕ್ಕೆಯನ್ನೂ ಹಾಕಿದೆ. ಒಕ್ಲಹೋಮಾ ಸಿಟಿ ಆ ಋತುವಿನಲ್ಲಿ ಪೂರ್ವದ ತಂಡಗಳ ವಿರುದ್ಧ ಆಡಿದ 30 ಪಂದ್ಯಗಳಲ್ಲಿ 29ನ್ನು ಗೆದ್ದಿತ್ತು. ಸೋತದ್ದು ಜನವರಿಯಲ್ಲಿ ಕ್ಲೀವ್‌ಲ್ಯಾಂಡ್‌ಗೆ ಮಾತ್ರ. ಹೀಗಿರುವಾಗ ಪೂರ್ವದ ನಾಲ್ಕನೆಯ ಸ್ಥಾನದಿಂದ ಮೇಲೆದ್ದು ಬಂದ ಇಂಡಿಯಾನಾ ಫೈನಲ್ಸ್‌ನಲ್ಲಿ ಬೇಗನೆ ಮಣ್ಣುಮುಕ್ಕುವುದೆಂದು ಬಹುಪಾಲು ಜನ ನಂಬಿದ್ದರು. ಮೊದಲ ಪಂದ್ಯದಲ್ಲಿ 0.3 ಸೆಕೆಂಡ್ ಉಳಿದಿರುವಾಗ ಟೈರೀಸ್ ಹ್ಯಾಲಿಬರ್ಟನ್ ಹಾಕಿದ ಬುಟ್ಟಿಯಿಂದ ಇಂಡಿಯಾನಾ 111-110ರಿಂದ ಗೆದ್ದಿತು, ಸರಣಿಯನ್ನು ಏಳನೆಯ ಪಂದ್ಯದವರೆಗೂ ಎಳೆಯಿತು; ಆ ಕೊನೆಯ ಪಂದ್ಯದ ಆರಂಭದಲ್ಲಿಯೇ ಹ್ಯಾಲಿಬರ್ಟನ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯದಿದ್ದರೆ ಫಲಿತಾಂಶ ಏನಾಗುತ್ತಿತ್ತೋ ಯಾರೂ ಹೇಳಲಾರರು. ಋತುವಿನ ಅತ್ಯುತ್ತಮ ಆಟಗಾರರ ಗೌರವಪಟ್ಟಿಯಾದ ಆಲ್-ಎನ್‌ಬಿಎಯ ಆ ವರ್ಷದ ಮೊದಲ ಐವರಲ್ಲಿ ಯಾನಿಸ್ ಆಂಟೆಟೊಕೂಂಪೊ, ಜೇಸನ್ ಟೇಟಮ್, ಡೊನೊವನ್ ಮಿಚೆಲ್ ಎಂಬ ಮೂವರು ಪೂರ್ವದವರೇ ಆಗಿದ್ದರು. ಅಂದರೆ ಶಿಖರಗಳ ಎತ್ತರದಲ್ಲಿ ಎರಡು ಬದಿಗಳ ನಡುವೆ ಅಷ್ಟೇನೂ ಅಂತರವಿಲ್ಲ. ಪೂರ್ವ ಸೊರಗಿರುವುದು ಐದನೆಯ ಸ್ಥಾನದಿಂದ ಕೆಳಗೆ. ವಾರದ ನಡುವಿನ ಸಾಧಾರಣ ಪಂದ್ಯಗಳಲ್ಲಿ ಯಾವುದನ್ನು ನೋಡುವುದೆಂದು ಆರಿಸುವಾಗ ಚಂದಾದಾರನಿಗೆ ಈ ತಿಳಿವಳಿಕೆ ನೆರವಾಗುತ್ತದೆ.

ಆ ಆಯ್ಕೆಗೆ ಗಡಿಯಾರವೂ ಒಂದು ಕಟ್ಟು ಹಾಕುತ್ತದೆ. ಶಿಕಾಗೊ ಮತ್ತು ಮಿಲ್ವಾಕಿಯನ್ನು ಬಿಟ್ಟರೆ ಪೂರ್ವದ ತಂಡಗಳೆಲ್ಲ ಒಂದೇ ಕಾಲವಲಯದಲ್ಲಿವೆ. ಚಳಿಗಾಲದಲ್ಲಿ ಅಲ್ಲಿನ ಸಂಜೆ ಏಳರ ಪಂದ್ಯ ನಮಗೆ ಬೆಳಗಿನ 5.30ಕ್ಕೆ ಶುರುವಾಗಿ, ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಇರುವವರು ಕೆಲಸಕ್ಕೆ ಹೊರಡುವಷ್ಟರಲ್ಲಿ ಮುಗಿದಿರುತ್ತದೆ. ಪೆಸಿಫಿಕ್ ತೀರದ ಪಂದ್ಯಗಳು ಶುರುವಾಗುವುದೇ 8.30ಕ್ಕೆ, ಒಮ್ಮೊಮ್ಮೆ 9ಕ್ಕೆ. ಹೀಗಾಗಿ ಕರ್ನಾಟಕದ ವೀಕ್ಷಕನಿಗೆ ನೇರವಾಗಿ ನೋಡಲು ಅನುಕೂಲವಾಗಿರುವುದು ಪೂರ್ವ, ನೋಡಲು ಯೋಗ್ಯವಾಗಿರುವುದು ಹೆಚ್ಚಾಗಿ ಪಶ್ಚಿಮ. ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರ ಪಾಡೂ ಹೆಚ್ಚುಕಡಿಮೆ ಹೀಗೆಯೇ: ಗೋಲ್ಡನ್ ಸ್ಟೇಟ್ ಪಂದ್ಯ ಮುಗಿಯುವಾಗ ಅಲ್ಲಿ ನಡುರಾತ್ರಿ ಕಳೆದಿರುತ್ತದೆ, ಮೇಲಾಗಿ ಅಮೆರಿಕದೊಳಗಿನ ಲೀಗ್ ಪಾಸ್‌ನಲ್ಲಿ ಸ್ಥಳೀಯ ತಂಡದ ನೇರಪ್ರಸಾರಕ್ಕೆ ತಡೆಯಿದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವವರು ಈ ಮಟ್ಟಿಗೆ ಪುಣ್ಯವಂತರು. ಪೂರ್ವದ ಪಂದ್ಯ ಸಂಜೆ ನಾಲ್ಕಕ್ಕೆ, ಪಶ್ಚಿಮದ್ದು ಊಟದ ಹೊತ್ತಿಗೆ.

ಹೀಗಾಗಿ ನನ್ನ ಅಂಕ ಐದರಲ್ಲಿ ಮೂರೂವರೆ. ಇಡೀ ಋತುವಿಗೆ ಚಂದಾ ಕಟ್ಟುವವರು ಬೆಳಗಿನ ನೇರಪ್ರಸಾರದಲ್ಲಿ ಪೂರ್ವದ ಮೊದಲ ನಾಲ್ಕೈದು ತಂಡಗಳ ಪಂದ್ಯಗಳನ್ನೂ, ರಾತ್ರಿ ಮನೆಗೆ ಬಂದ ಮೇಲೆ ಪಶ್ಚಿಮದ ಪಂದ್ಯಗಳ ಕಿರು ಆವೃತ್ತಿಯನ್ನೂ ನೋಡುವುದು ಲೇಸು. ಏಪ್ರಿಲ್‌ನಲ್ಲಿ ಪೂರ್ವದ ಒಂದನೆಯ ಮತ್ತು ಎಂಟನೆಯ ತಂಡಗಳ ಸರಣಿಯನ್ನು ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ. ಮೇ ತಿಂಗಳ ಪಶ್ಚಿಮದ ಎರಡನೆಯ ಸುತ್ತನ್ನು ಮಾತ್ರ ಬಿಡಬಾರದು.

ಉಳಿದ ಒಂದೂವರೆ ಅಂಕವನ್ನು ಗಳಿಸುವ ದಾರಿ ಸಂಸ್ಥೆಗೆ ಗೊತ್ತಿಲ್ಲದ್ದೇನಲ್ಲ. ಕಾನ್ಫರೆನ್ಸ್ ನೋಡದೆ ಮೊದಲ ಹದಿನಾರು ತಂಡಗಳನ್ನು ಒಂದೇ ಪಟ್ಟಿಯಿಂದ ತೆಗೆದುಕೊಳ್ಳುವ ವಿಚಾರವನ್ನು 2014ರಿಂದ ಆಯುಕ್ತರಾಗಿರುವ ಆ್ಯಡಂ ಸಿಲ್ವರ್ ಹಲವು ಬಾರಿ ಪ್ರಸ್ತಾಪಿಸಿದ್ದಾರೆ. ಅಡ್ಡಿ ಪ್ರಯಾಣದ್ದು. ಮಯಾಮಿಗೂ ಪೋರ್ಟ್‌ಲ್ಯಾಂಡ್‌ಗೂ ನಡುವೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿದೆ. ಮೊದಲ ಸುತ್ತಿನಲ್ಲೇ ಆ ದೂರವನ್ನು ಮೂರ್ನಾಲ್ಕು ಬಾರಿ ದಾಟಿದವರು ಎರಡನೆಯ ಸುತ್ತಿಗೆ ದಣಿದೇ ಬರುತ್ತಾರೆ. ಅಲ್ಲದೆ 52 ಮತ್ತು 30ರ ಪಂದ್ಯಪಟ್ಟಿಯನ್ನು ಹಾಗೆಯೇ ಇಟ್ಟುಕೊಂಡು ಅಂಕಪಟ್ಟಿ ಮಾತ್ರ ಒಂದು ಮಾಡಿದರೆ ದುರ್ಬಲ ಬದಿಯ ತಂಡಗಳ ಗೆಲುವು ಉಬ್ಬಿಯೇ ಕಾಣುತ್ತದೆ. ಒಟ್ಟಿನಲ್ಲಿ ಪಂದ್ಯಪಟ್ಟಿಯನ್ನೇ ಬದಲಿಸಬೇಕಾಗುತ್ತದೆ, ಮತ್ತು ಅದಕ್ಕೆ ಪೂರ್ವದ ಮಾಲೀಕರು ತಮಗಿರುವ ಸುಲಭದ ದಾರಿಯನ್ನು ತಾವೇ ಮುಚ್ಚಿಕೊಳ್ಳಲು ಒಪ್ಪಬೇಕಾಗುತ್ತದೆ. ಆಲ್‌ಸ್ಟಾರ್ ಪ್ರದರ್ಶನ ಪಂದ್ಯದಲ್ಲಿ ಮಾತ್ರ ಸಂಸ್ಥೆ ಧೈರ್ಯ ತೋರಿತು: 2018ರಲ್ಲಿ ಪೂರ್ವ–ಪಶ್ಚಿಮದ ಬೇಲಿ ಕಿತ್ತರು, 2024ರಲ್ಲಿ ಮತ್ತೆ ನೆಟ್ಟರು, ಆ ಪಂದ್ಯ 211-186ಕ್ಕೆ ಮುಗಿದದ್ದನ್ನು ಕಂಡು 2025ರಲ್ಲಿ ಮತ್ತೆ ಕಿತ್ತರು.

ಇದಕ್ಕಿಂತ ಬೇಗ ಆಗಬಹುದಾದದ್ದು ಬೇರೆ ದಾರಿಯಿಂದ ಬರುತ್ತಿದೆ. ಲಾಸ್ ವೇಗಸ್‌ಗೂ, ತನ್ನ ಹಳೆಯ ತಂಡವನ್ನು ಕಳೆದುಕೊಂಡ ಸಿಯಾಟಲ್‌ಗೂ ಹೊಸ ತಂಡಗಳನ್ನು ಕೊಡುವ ಮಾತು ಬಹುಕಾಲದಿಂದ ನಡೆದಿದೆ. ಎರಡೂ ಪಶ್ಚಿಮದ ಊರುಗಳಾದ್ದರಿಂದ, ಅವು ಬಂದರೆ ಪಶ್ಚಿಮದಲ್ಲಿ 17 ತಂಡಗಳಾಗಿ ಪೂರ್ವದಲ್ಲಿ 15 ಉಳಿಯುತ್ತವೆ; 16-16 ಮಾಡಲು ಒಂದು ತಂಡ ಪೂರ್ವಕ್ಕೆ ದಾಟಲೇಬೇಕು. ನಕಾಶೆ ನೋಡಿದರೆ ಅದಕ್ಕೆ ಅರ್ಹವಾದವು ಮೆಂಫಿಸ್, ನ್ಯೂ ಆರ್ಲಿಯನ್ಸ್, ಮಿನ್ನೆಸೋಟ ಎಂಬ ಮೂರು. ನನ್ನ ಮತ ಮಿನ್ನೆಸೋಟಕ್ಕೆ. ಮಿಲ್ವಾಕಿ ಮತ್ತು ಶಿಕಾಗೊ ಅದಕ್ಕೆ ಸಹಜವಾದ ನೆರೆಹೊರೆ. ಈಗ ಅದು ಕಾನ್ಫರೆನ್ಸ್‌ನೊಳಗಿನ ತನ್ನ ಉಪಗುಂಪಾದ ಡಿವಿಷನ್‌ನ ಪಂದ್ಯಕ್ಕಾಗಿ ಪೋರ್ಟ್‌ಲ್ಯಾಂಡ್‌ವರೆಗೆ ಹಾರಬೇಕಾಗಿದೆ. 2024 ಮತ್ತು 2025ರಲ್ಲಿ ಪಶ್ಚಿಮದ ಕೊನೆಯ ಸುತ್ತಿನವರೆಗೆ ಹೋದ ತಂಡ ಅದು, ಆಂಥನಿ ಎಡ್ವರ್ಡ್ಸ್‌ನಂಥ ಆಟಗಾರನೂ ಅದರಲ್ಲಿದ್ದಾನೆ. ಉಳಿದೆರಡರಲ್ಲಿ ಯಾವುದನ್ನು ದಾಟಿಸಿದರೂ ನಕಾಶೆ ಸರಿಹೋಗುತ್ತದೆ. ಮಿನ್ನೆಸೋಟವನ್ನು ದಾಟಿಸಿದರೆ ಪೂರ್ವದ ಮೇ ತಿಂಗಳೂ ಎದ್ದು ಕುಳಿತು ನೋಡುವಂತಾಗುತ್ತದೆ.